ವಂಟಮುರಿ ಘಾಟಿನ ಏರಿಗೆ ತಕ್ಕ ಎಂಜಿನ್: ಹಳೆಯ ಟಾಟಾ 1612 ಟೋಚನ್ ಗಾಡಿಯ ಕೆಲಸದ ದಾಖಲೆ

ನಮ್ಮ ಕಾಕಾ ಅವರ ಟೋಚನ್ ಗಾಡಿ 1994ನೇ ಮಾದರಿಯ ಟಾಟಾ 1612. ಅದರ ಮೂಲ ಬಾಡಿಯನ್ನು ಎಂದೋ ತೆಗೆದುಹಾಕಿ, ಚಾಸಿಸ್ಸಿನ ಹಿಂಭಾಗದಲ್ಲಿ ಹೈಡ್ರಾಲಿಕ್ ಕ್ರೇನ್ ಕೂರಿಸಲಾಗಿದೆ. ಬೆಳಗಾವಿಯಿಂದ ನಿಪ್ಪಾಣಿಯವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕೆಟ್ಟು ನಿಂತ ಲಾರಿಗಳನ್ನೂ, ಕಬ್ಬಿನ ಹಂಗಾಮಿನಲ್ಲಿ ಗೋಕಾಕ ಮತ್ತು ಚಿಕ್ಕೋಡಿ ಬದಿಯ ರಸ್ತೆಗಳಲ್ಲಿ ಆಕ್ಸಲ್ ಮುರಿದುಕೊಂಡು ನಿಂತ ಗಾಡಿಗಳನ್ನೂ ಎಳೆದು ತರುವುದು ಅದರ ಕೆಲಸ. ಕಳೆದ ಮಳೆಗಾಲದಲ್ಲಿ ಅದರ ಎಂಜಿನ್ ಸಂಪೂರ್ಣವಾಗಿ ಸೋತಿತು. ಅದರ ಜಾಗದಲ್ಲಿ ಯಾವ ಎಂಜಿನ್ ಕೂರಿಸಬೇಕು ಎಂಬುದನ್ನು ತೀರ್ಮಾನಿಸಲು ಹಿಡಿದಷ್ಟು ದಿನ, ಆ ಎಂಜಿನ್ನನ್ನು ಕೂರಿಸಲು ಹಿಡಿಯಲಿಲ್ಲ.

ಸೋತ ಎಂಜಿನ್ ಟಾಟಾ 697. ಟಾಟಾದ ಹಳೆಯ ಎಂಜಿನ್ನುಗಳ ಹೆಸರಿನಲ್ಲಿಯೇ ಅವುಗಳ ಅಳತೆ ಅಡಗಿರುತ್ತದೆ: ಮೊದಲ ಅಂಕಿ ಸಿಲಿಂಡರುಗಳ ಸಂಖ್ಯೆ, ಉಳಿದ ಎರಡು ಅಂಕಿಗಳು ಬೋರಿನ, ಅಂದರೆ ಸಿಲಿಂಡರಿನ ಒಳಗಿನ ಅಡ್ಡಳತೆಯ, ಮಿಲಿಮೀಟರು. ಹಾಗಾಗಿ 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರು; ಸ್ಟ್ರೋಕು, ಅಂದರೆ ಪಿಸ್ಟನ್ ಏರಿಳಿಯುವ ದೂರ, 128 ಮಿ.ಮೀ. ಇರುವುದರಿಂದ ಒಟ್ಟು ಗಾತ್ರ 5,675 ಸಿ.ಸಿ. ಮರ್ಸಿಡಿಸ್‌ನ ಓಎಂ 352 ಎಂಜಿನ್ನಿಗೂ ಇದೇ ಬೋರು, ಇದೇ ಸ್ಟ್ರೋಕು. ಟಾಟಾ ಮತ್ತು ಮರ್ಸಿಡಿಸ್ 1954ರಿಂದ 1969ರವರೆಗೆ ಒಪ್ಪಂದದ ಮೇಲೆ ಕೂಡಿ ಲಾರಿ ಮಾಡಿದವು ಎಂಬುದನ್ನು ನೆನೆದರೆ ಈ ಹೋಲಿಕೆ ಸೋಜಿಗವೆನಿಸುವುದಿಲ್ಲ. ಗಾಡಿಯ ಹೆಸರಿನಲ್ಲಿಯೂ ಇಂಥದೇ ಲೆಕ್ಕವಿದೆ. 1612ರಲ್ಲಿ 16 ಎಂದರೆ ಲೋಡು ಸಹಿತ ಹದಿನಾರು ಟನ್ ಒಟ್ಟು ತೂಕ, 12 ಎಂದರೆ ಸುಮಾರು 120 ಅಶ್ವಶಕ್ತಿ.

ಡಿಪ್ ಸ್ಟಿಕ್ ತೆಗೆದರೆ ಅದರ ತೂತಿನಿಂದ ಹೊಗೆ ಉಸಿರಿನಂತೆ ಹೊರಬರುತ್ತಿತ್ತು, ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಇಟ್ಟರೆ ಅದು ಕುಣಿಯುತ್ತಿತ್ತು. ರಿಂಗು ಸವೆದು ಗ್ಯಾಸು ಕೆಳಗಿಳಿಯುತ್ತಿದೆ ಎಂದು ಭಾವಿಸಿ, ಹಾಫ್ ಎಂಜಿನ್ ಕೆಲಸ ಮಾಡಿಸಿದರೆ ಸಾಕು ಎಂಬ ಲೆಕ್ಕದಲ್ಲಿ ಹೆಡ್ ಬಿಚ್ಚಿದೆವು. ಸಿಲಿಂಡರಿನ ಒಳಗೋಡೆಯಾಗಿ ಕೂರುವ ಕೊಳವೆಗಳಾದ ಲೈನರುಗಳನ್ನು ಒತ್ತಿ ಹೊರತೆಗೆದ ಮೇಲೆ, ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರುಗಳ ನಡುವಿನ ಗೋಡೆಯಲ್ಲಿ ಬಿರುಕು ಕಂಡಿತು. ಈ ಎಂಜಿನ್ನಿನ ಲೈನರು ಒಣ ಲೈನರು. ಅದರ ಬೆನ್ನಿಗೆ ನೀರು ತಾಗುವುದಿಲ್ಲ, ಅದು ಬ್ಲಾಕಿನ ಕಬ್ಬಿಣಕ್ಕೆ ಅಂಟಿಕೊಂಡು ಕೂರಬೇಕು. ಎರಡು ಮೂರು ಸಲ ಲೈನರ್ ಬದಲಿಸಿದ ನಮ್ಮ ಬ್ಲಾಕಿನಲ್ಲಿ ಆ ಅಂಟಿಕೆಯೇ ಉಳಿದಿರಲಿಲ್ಲ. ಉದ್ಯಮಬಾಗದ ಬೋರಿಂಗ್ ಅಂಗಡಿಯಲ್ಲಿ ಅಳೆಯಿಸಿದಾಗ, ಬಿರುಕಿಗೆ ಲೋಹದ ಹೊಲಿಗೆ ಹಾಕಿ ಬದುಕಿಸಬಹುದಾದರೂ ಘಾಟಿನಲ್ಲಿ ಎಳೆಯುವ ಗಾಡಿಗೆ ಅದನ್ನು ನಂಬಬಾರದು ಎಂಬ ಮಾತು ಬಂತು. ನನಗೂ ಅದೇ ಸರಿಯೆನಿಸಿತು.

ಬೇರೆ ಎಂಜಿನ್ ಎಂದೊಡನೆ ಪ್ರತಿಯೊಬ್ಬರೂ ಒಂದೊಂದು ಹೆಸರು ಹೇಳತೊಡಗಿದರು. ಹೆಸರು ಆರಿಸುವ ಮೊದಲು, ನಮ್ಮ ಗಾಡಿಗೆ ನಿಜವಾಗಿ ಎಷ್ಟು ಬಲ ಬೇಕು ಎಂಬುದನ್ನು ಒಂದು ಕಾಗದದ ಮೇಲೆ ಬಿಡಿಸಿದೆ. ಕ್ರೇನ್ ಸಹಿತ ನಮ್ಮ ಗಾಡಿಯ ತೂಕ ಒಂಬತ್ತು ಟನ್. ಎಳೆಯುವ ಲಾರಿ ಲೋಡಿದ್ದರೆ ಹದಿನಾರು ಟನ್. ಕೂಡಿ ಇಪ್ಪತ್ತೈದು ಟನ್. ಏರು ನೂರಕ್ಕೆ ಐದು ಎಂದು ಹಿಡಿದರೆ, ಏರಿಗೆಂದೇ ಈ ತೂಕದ ನೂರರ ಐದು ಪಾಲು, ಅಂದರೆ 1,250 ಕಿಲೋ ಜಗ್ಗುಬಲ ಬೇಕು; ಟಯರುಗಳ ಉರುಳುವ ತಡೆಗೆ ನೂರಕ್ಕೆ ಒಂದರಂತೆ ಇನ್ನೂ 250 ಕಿಲೋ. ಒಟ್ಟು 1,500 ಕಿಲೋ ಬಲವನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಒದಗಿಸಲು ಚಕ್ರದ ಬಳಿ 83 ಅಶ್ವಶಕ್ತಿ ಬೇಕು. ಗೇರ್‌ಬಾಕ್ಸು, ಜಾಯಿಂಟು, ಹೌಸಿಂಗುಗಳಲ್ಲಿ ನೂರಕ್ಕೆ ಹದಿನೈದು ಸೋರಿಹೋಗುತ್ತದೆ ಎಂದು ಬಿಟ್ಟರೆ ಎಂಜಿನ್ನು 98 ಕೊಡಬೇಕು. ಅದೇ ಏರನ್ನು 20 ಕಿ.ಮೀ. ವೇಗದಲ್ಲಿ ಹತ್ತಬೇಕೆಂದರೆ 131 ಬೇಕಾಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿದರೆ ಘಾಟು ಎಂಬುದು ಬಾಡಿಗೆಯಿಲ್ಲದ ಅಳತೆ ಯಂತ್ರವಾಗುತ್ತದೆ. ಕೊನೆಯ ದಿನಗಳಲ್ಲಿ ನಮ್ಮ ಗಾಡಿ ಲೋಡಿನ ಲಾರಿ ಹಿಡಿದು ಇದೇ ಹೆದ್ದಾರಿಯ ವಂಟಮುರಿ ಘಾಟನ್ನು ಹತ್ತು ಕಿ.ಮೀ. ವೇಗದಲ್ಲಿ ಹತ್ತುತ್ತಿತ್ತು. ಅಂದರೆ 120ರ ಎಂಜಿನ್ನು ಸವೆದು 65ಕ್ಕೆ ಇಳಿದಿತ್ತು. ಸವೆತದ ಜೊತೆಗೆ ಊರಿನ ಎತ್ತರದ ಪಾಲೂ ಇತ್ತೆಂಬುದು ಆಮೇಲೆ ಹೊಳೆಯಿತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ನು ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೆ ಒಂದರಂತೆ ಬಲ ಕಳೆದುಕೊಳ್ಳುತ್ತದೆ, ಏಕೆಂದರೆ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಹೀಗಾಗಿ ಹೊಚ್ಚಹೊಸ 697 ಕೂಡ ನಮ್ಮಲ್ಲಿ 110ರ ಆಸುಪಾಸಿನ ಎಂಜಿನ್ನೇ. ಟರ್ಬೊ ಇದ್ದರೆ ತೆಳುಗಾಳಿಯನ್ನು ಒತ್ತಿ ತುಂಬುವುದರಿಂದ ಈ ಎತ್ತರದಲ್ಲಿ ಆ ನಷ್ಟ ಗಣನೆಗೆ ಬರುವುದಿಲ್ಲ. ಕಾಗದದ ಮೇಲೆ ಟರ್ಬೊ ಇಲ್ಲದ 120ರ ಎಂಜಿನ್ನಿಗೂ ಟರ್ಬೊ ಇರುವ 130ರ ಎಂಜಿನ್ನಿಗೂ ಹತ್ತರ ಅಂತರ. ನಮ್ಮ ಘಾಟಿನಲ್ಲಿ ಅದು ಇಪ್ಪತ್ತರ ಅಂತರ.

ಇಷ್ಟಾದರೂ ಇನ್ನೊಂದು 697 ಕೂರಿಸುವ ದಾರಿಯನ್ನು ನಾವು ಸುಲಭಕ್ಕೆ ಬಿಡಲಿಲ್ಲ. ಅದರ ಬಿಡಿಭಾಗ ಅಥಣಿಯಲ್ಲಿಯೂ ಸಿಗುತ್ತದೆ, ಬೈಲಹೊಂಗಲದಲ್ಲಿಯೂ ಸಿಗುತ್ತದೆ. ಕಣ್ಣು ಮುಚ್ಚಿ ಕೆಲಸ ಮಾಡಬಲ್ಲ ಮಿಸ್ತ್ರಿಗಳು ಊರೂರಿಗೆ ಇದ್ದಾರೆ. ಬೋಲ್ಟಿಗೆ ಬೋಲ್ಟು ಕೂತುಬಿಡುತ್ತದೆ. ಇದು ಸರಕಿನ ಲಾರಿಯಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಹಳೆಯ 697ಕ್ಕೇ ಟರ್ಬೊ ಸೇರಿಸಿಬಿಡೋಣ ಎಂದವರೂ ಇದ್ದರು. ಅದು ಹೊರಗಿನಿಂದ ನೋಡಿದಷ್ಟು ಸರಳವಲ್ಲ. ಟರ್ಬೊ ಎಂಜಿನ್ನಿನ ಪಿಸ್ಟನ್ ಬೇರೆ, ಆ ಪಿಸ್ಟನ್ನಿನ ಹೊಟ್ಟೆಗೆ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಂಪು ಮಾಡುವ ಏರ್ಪಾಡು ಬೇರೆ, ಡೀಸೆಲ್ ಪಂಪಿನ ಹೊಂದಾಣಿಕೆಯೂ ಬೇರೆ. ಅವೆಲ್ಲವನ್ನೂ ಬಿಟ್ಟು ಟರ್ಬೊ ಒಂದನ್ನೇ ತಗುಲಿಸಿದರೆ ಪಿಸ್ಟನ್ ಕರಗುವ ದಿನವನ್ನು ಹತ್ತಿರ ತಂದುಕೊಂಡಂತೆ. ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್ ಎಂಜಿನ್ನುಗಳನ್ನು ಒಂದೇ ಮಾತಿನಲ್ಲಿ ಕೈಬಿಟ್ಟೆವು. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ತವಂದಿ ಘಾಟಿನ ಮೇಲೆ ನಿಂತಾಗ ಸ್ಪ್ಯಾನರಿನಿಂದ ರಿಪೇರಿಯಾಗದ ಎಂಜಿನ್ನು ಟೋಚನ್ ಗಾಡಿಗೆ ತಕ್ಕದ್ದಲ್ಲ.

ಉಳಿದದ್ದು ಕಮಿನ್ಸ್ 6ಬಿಟಿ. ಆರು ಸಿಲಿಂಡರ್, ಬೋರು 102 ಮಿ.ಮೀ., ಸ್ಟ್ರೋಕು 120 ಮಿ.ಮೀ., ಗಾತ್ರ 5,883 ಸಿ.ಸಿ. ಗಾತ್ರದಲ್ಲಿ 697ಕ್ಕಿಂತ ಇನ್ನೂರು ಸಿ.ಸಿ.ಯಷ್ಟೇ ದೊಡ್ಡದು, ಸ್ಟ್ರೋಕಿನಲ್ಲಿ ಚಿಕ್ಕದೇ. ಉದ್ದ ಸ್ಟ್ರೋಕಿನ ಎಂಜಿನ್ನೇ ಚೆನ್ನಾಗಿ ಎಳೆಯುತ್ತದೆ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ, ಆದರೆ ಇಲ್ಲಿ ಕೆಲಸ ಮಾಡುವುದು ಟರ್ಬೊ ತುಂಬುವ ಗಾಳಿ. ಟಾಟಾ ಕಮಿನ್ಸ್ ಜಮ್ಶೆಡ್‌ಪುರದಲ್ಲಿ ತಯಾರಿಸಿದ ಈ ಟರ್ಬೊ ಎಂಜಿನ್ನನ್ನು ಕಂಪನಿಯೇ 1613 ಲಾರಿಗೆ, ಅಂದರೆ 130 ಅಶ್ವಶಕ್ತಿಯ ಮಾದರಿಗೆ, ಕೂರಿಸಿ ಮಾರಿತ್ತು. ನನ್ನ ಮಟ್ಟಿಗೆ ತೂಕದ ಸಂಗತಿ ಇದೇ. ನಮ್ಮ ಗಾಡಿಯ ಒಡಹುಟ್ಟಿದ ಲಾರಿಯಲ್ಲಿ ಕಾರ್ಖಾನೆಯಿಂದಲೇ ಈ ಎಂಜಿನ್ನು ಬಂದಿದ್ದರೆ, ಅದನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್ಟು, ಫ್ಲೈವೀಲ್ ಹೌಸಿಂಗು, ಕ್ಲಚ್ಚು, ರೇಡಿಯೇಟರು ಎಲ್ಲವೂ ಕಾರ್ಖಾನೆಯ ಅಳತೆಯಲ್ಲಿಯೇ ಸಿಗುತ್ತವೆ; ನಾವು ವೆಲ್ಡಿಂಗ್ ಹಿಡಿದು ಅವನ್ನು ಕಲ್ಪಿಸಿಕೊಳ್ಳಬೇಕಿಲ್ಲ. ನಮ್ಮ ಮಿಸ್ತ್ರಿಯವರು ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು: “ತಮ್ಮಾ, ಎಂಜಿನ್ ಒಂದ ತಂದ್ರ ಸೊಸಿನ್ನ ಒಬ್ಬಾಕಿನ ಕರ್ಕೊಂಡ ಬಂದಂಗ. ಅದರ ರುಕ್ವತ ಪೂರಾ ಬರಬೇಕ ನೋಡ.”

ರುಕ್ವತ ಎಂದರೆ ಮದುವೆಯಲ್ಲಿ ಸೊಸೆಯ ಜೊತೆ ಬರುವ ಸಾಮಾನು. ರುಕ್ವತ ಸಹಿತ ಎಂಜಿನ್ ಹುಡುಕಿದಾಗ ಎರಡು ಗಾಡಿಗಳು ಕಣ್ಣಿಗೆ ಬಿದ್ದವು. ಒಂದು ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ದುಡಿದ ಟಿಪ್ಪರು, ಇನ್ನೊಂದು ಮಹಾಲಿಂಗಪುರದಿಂದ ಬೆಲ್ಲ ಸಾಗಿಸುತ್ತಿದ್ದು, ಪಲ್ಟಿಯಾಗಿ ಕ್ಯಾಬಿನ್ ಜಜ್ಜಿಹೋಗಿದ್ದ ಲಾರಿ. ಕಾಕಾ ಅವರ ಒಲವು ಟಿಪ್ಪರಿನ ಕಡೆಗಿತ್ತು. ಅದರ ಗೇರ್‌ಬಾಕ್ಸಿನ ಪಕ್ಕದಲ್ಲಿ ಎಂಜಿನ್ನಿನ ಬಲದಿಂದ ಹೈಡ್ರಾಲಿಕ್ ಪಂಪು ತಿರುಗಿಸುವ ಪಿಟಿಒ (ಪವರ್ ಟೇಕ್ ಆಫ್) ಆಗಲೇ ಇತ್ತು, ನಮ್ಮ ಕ್ರೇನಿಗೂ ಬೇಕಾದದ್ದು ಅದೇ. ಆದರೆ ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪು ಬಿಚ್ಚಿ ಒಳಗೆ ಬೆರಳಾಡಿಸಿದಾಗ ನಸುಗೆಂಪು ಧೂಳು ಬೆರಳಿಗೆ ಹತ್ತಿತು. ಟರ್ಬೊದ ಗಾಳಿ ಚಕ್ರದ ಎಸಳುಗಳ ತುದಿ ಹರಿತ ಕಳೆದುಕೊಂಡು ದುಂಡಾಗಿತ್ತು. ಫಿಲ್ಟರ್ ದಾಟಿ ಬಂದ ಕಲ್ಲಿನ ಪುಡಿ ಅಲ್ಲಿಯೇ ನಿಲ್ಲುವುದಿಲ್ಲ, ಸಿಲಿಂಡರಿಗೂ ಹೋಗಿರುತ್ತದೆ. 6ಬಿಟಿಯಲ್ಲಿ ಲೈನರೇ ಇಲ್ಲ. ಬ್ಲಾಕಿನ ಕಬ್ಬಿಣವನ್ನೇ ಕೊರೆದು ಸಿಲಿಂಡರ್ ಮಾಡಿರುತ್ತಾರೆ. ಸವೆದರೆ ಇಡೀ ಬ್ಲಾಕನ್ನು ಮಷೀನಿಗೆ ಏರಿಸಿ ದೊಡ್ಡ ಬೋರು ಮಾಡಿಸಬೇಕು. ಹೀಗಾಗಿ ಈ ಎಂಜಿನ್ನನ್ನು ಕೊಳ್ಳುವವರು ಬೇರೇನು ನೋಡದಿದ್ದರೂ ಧೂಳು ನೋಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಬೆಲ್ಲದ ಲಾರಿಯ ಪೈಪು ಒಳಗೆ ಸ್ವಚ್ಛವಾಗಿತ್ತು. ಪಲ್ಟಿಯಾದ ಗಾಡಿಯಲ್ಲಿ ಎಂಜಿನ್ನು ಮಗ್ಗುಲಾಗಿಯೇ ಸ್ವಲ್ಪ ಹೊತ್ತು ಓಡಿದ್ದರೆ ಆಯಿಲ್ ಪಂಪು ಗಾಳಿ ಹೀರಿ ಬೇರಿಂಗು ಒಣಗುವ ಭಯವಿರುತ್ತದೆ, ಆದ್ದರಿಂದ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪು ಬಿಚ್ಚಿಸಿ ಎರಡು ಬೇರಿಂಗ್ ಕ್ಯಾಪು ತೆಗೆದು ನೋಡಿದ ಮೇಲೆಯೇ ಮುಂದಿನ ಮಾತಾಡಿದೆವು. ಬೇರಿಂಗುಗಳ ಮೇಲೆ ಗೀರು ಇರಲಿಲ್ಲ. ಸಂಪು ಮರಳಿ ಕೂರಿಸಿ, ಹೊರಗಿನ ಬ್ಯಾಟರಿಯಿಂದ ಚಾಲೂ ಮಾಡಿ, ನಮ್ಮದೇ ಪ್ರೆಷರ್ ಗೇಜು ಹಾಕಿದೆವು. ಈ ಎಂಜಿನ್ನಿಗೆ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಕನಿಷ್ಠ 10 ಪಿಎಸ್‌ಐ, ಪೂರ್ಣ ವೇಗದಲ್ಲಿ ಕನಿಷ್ಠ 30 ಪಿಎಸ್‌ಐ ಆಯಿಲ್ ಒತ್ತಡ ಇರಬೇಕು. ಅರ್ಧ ಗಂಟೆ ಓಡಿಸಿದ ಮೇಲೂ ಮುಳ್ಳು ಐಡ್ಲಿಂಗಿನಲ್ಲಿ 22ರ ಕೆಳಗೆ ಇಳಿಯಲಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸು ಒಂದೇ ಜೋಡಿಯಾಗಿ, ಅದರ ಜೊತೆಗೆ ಬ್ರಾಕೆಟ್ಟುಗಳು, ರೇಡಿಯೇಟರು, ಏರ್ ಫಿಲ್ಟರು, ಎಕ್ಸಲರೇಟರಿನ ಕಡ್ಡಿಗಳು, ಕೊನೆಗೆ ರಬ್ಬರ್ ಹೋಸುಗಳನ್ನೂ ಸೇರಿಸಿ ಒಂದು ಲಕ್ಷ ಅರವತ್ತು ಸಾವಿರಕ್ಕೆ ವ್ಯವಹಾರ ಮುಗಿಯಿತು. ಗುಜರಿಯವರು ಹೋಸುಗಳನ್ನು ನೋಡಿ ನಕ್ಕರು. ನಗಲಿ, ಆ ಬಾಗಿನ ಹೋಸನ್ನು ಹುಡುಕುತ್ತ ಎರಡು ದಿನ ಅಂಗಡಿ ಅಲೆಯುವುದು ನಮಗೆ ಬೇಕಿರಲಿಲ್ಲ.

ಆಟೋ ನಗರದ ಶೆಡ್ಡಿಗೆ ತಂದ ಮೇಲೆ ಮೊದಲು ಮಾಡಿದ್ದು ಮುಂದಿನ ಗೇರ್ ಕವರ್ ಬಿಚ್ಚುವ ಕೆಲಸ. ಆ ಕಾಲದ ಬಿ ಶ್ರೇಣಿಯ ಎಂಜಿನ್ನುಗಳಲ್ಲಿ ಟೈಮಿಂಗ್ ಗೇರುಗಳ ಹೌಸಿಂಗನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಒಂದು ಸಣ್ಣ ಉಕ್ಕಿನ ಪಿನ್ ಇರುತ್ತದೆ. ವರ್ಷಗಳ ನಡುಗಾಟಕ್ಕೆ ಅದು ಹೊರಸರಿದು ಗೇರುಗಳ ನಡುವೆ ಬಿದ್ದರೆ ಕವರೂ ಒಡೆಯುತ್ತದೆ, ಗೇರಿನ ಹಲ್ಲೂ ಹೋಗುತ್ತದೆ. ನಮ್ಮದು ಅಲುಗಿರಲಿಲ್ಲ. ಆದರೂ ಪಕ್ಕದ ಬೋಲ್ಟಿನ ಕೆಳಗೆ ಒಂದು ಉಕ್ಕಿನ ಪಟ್ಟಿ ಕೂರಿಸಿ, ಅದರ ತುದಿ ಪಿನ್ನಿನ ಬಾಯಿಗೆ ಅಡ್ಡ ಬರುವಂತೆ ಮಾಡಿ, ಬೋಲ್ಟಿಗೆ ಲಾಕ್ ದ್ರಾವಣ ಹಚ್ಚಿ ಬಿಗಿದೆವು. ಎಂಜಿನ್ ಹೊರಗಿರುವಾಗ ಇದು ಅರ್ಧ ದಿನದ ಕೆಲಸ. ಗಾಡಿಯಲ್ಲಿ ಕೂತ ಮೇಲೆ ರೇಡಿಯೇಟರ್ ತೆಗೆಯುವುದರಿಂದ ಶುರುವಾಗುತ್ತದೆ. ಅದೇ ಹೊತ್ತಿಗೆ ವಾಲ್ವುಗಳ ಗ್ಯಾಪನ್ನೂ ತಣ್ಣಗಿನ ಎಂಜಿನ್ನಿನಲ್ಲಿ ಒಳಗಾಳಿಯದಕ್ಕೆ 0.25 ಮಿ.ಮೀ., ಹೊಗೆಯದಕ್ಕೆ 0.51 ಮಿ.ಮೀ. ಎಂದು ಹೊಂದಿಸಿದೆವು.

ಹಳೆಯ ಎಂಜಿನ್ ಇಳಿಸಿ ಹೊಸದನ್ನು ಇಡುವುದಕ್ಕೆ ನಮ್ಮದೇ ಕ್ರೇನ್ ಬಳಸುವಂತಿರಲಿಲ್ಲ. ಊರಿನವರ ಗಾಡಿಗಳನ್ನೆಲ್ಲ ಎತ್ತಿದ ಕ್ರೇನು, ತನ್ನ ಎಂಜಿನ್ನು ತಾನೇ ಎತ್ತಲಾರದು. ಬಾಡಿಗೆಯ ಚೈನ್ ಬ್ಲಾಕಿನಿಂದ ನಾಲ್ಕು ಕ್ವಿಂಟಲ್ ಮೀರಿದ ಎಂಜಿನ್ನನ್ನು ಗೇರ್‌ಬಾಕ್ಸ್ ಸಹಿತ ಇಳಿಸಿದೆವು. ಬ್ರಾಕೆಟ್ಟುಗಳಿಗೆ ಚಾಸಿಸ್ಸಿನಲ್ಲಿ ನಾಲ್ಕು ಹೊಸ ತೂತು ಬೇಕಾದವು. ಅವನ್ನು ಚಾಸಿಸ್ಸಿನ ನಿಂತ ಗೋಡೆಯಲ್ಲಿ ಮಾತ್ರ ಹಾಕಿದೆವು. ಮೇಲಿನ ಮತ್ತು ಕೆಳಗಿನ ಮಡಿಕೆಗಳು ಬಾಗುವ ಭಾರ ಹೊರುವ ಜಾಗ, ಅಲ್ಲಿ ತೂತು ಬಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ವೆಲ್ಡಿಂಗನ್ನು ಚಾಸಿಸ್ಸಿನ ಹತ್ತಿರ ಬರಗೊಡಲಿಲ್ಲ. ಗೇರ್‌ಬಾಕ್ಸು ಹಿಂದಿನದಕ್ಕಿಂತ 38 ಮಿ.ಮೀ. ಹಿಂದಕ್ಕೆ ಬಂದದ್ದರಿಂದ ಮುಂದಿನ ಜಾಯಿಂಟ್ ಶಾಫ್ಟನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಇಲ್ಲಿ ಒಂದು ತಪ್ಪು ನಮ್ಮಿಂದಲೇ ನಡೆಯಿತು. ಶಾಫ್ಟನ್ನು ಜಾರುವ ಹಲ್ಲಿಗೆ ಸೇರಿಸುವಾಗ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿ ಬರಬೇಕಿತ್ತು, ಅದಕ್ಕೆಂದೇ ಬಾಣದ ಗುರುತೂ ಇತ್ತು. ಗ್ರೀಸಿನ ಕೆಳಗೆ ಅದನ್ನು ಗಮನಿಸಲಿಲ್ಲ. ಗಾಡಿ 40 ಕಿ.ಮೀ. ದಾಟಿದ ಕೂಡಲೇ ಸೀಟಿನವರೆಗೂ ನಡುಕ ಬಂತು. ಒಂದು ಇಡೀ ಸಂಜೆ ಎಂಜಿನ್ನಿನ ರಬ್ಬರುಗಳನ್ನು ಬೈದು, ಕೊನೆಗೆ ಶಾಫ್ಟು ಬಿಚ್ಚಿ ಬಾಣಕ್ಕೆ ಬಾಣ ಕೂಡಿಸಿದಾಗ ನಡುಕ ನಿಂತಿತು.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡಿದ್ದು ಪಿಟಿಒ. ಬೆಲ್ಲದ ಲಾರಿಯ ಗೇರ್‌ಬಾಕ್ಸಿನ ಪಕ್ಕದ ಕಿಟಕಿಗೆ ಬರೀ ಮುಚ್ಚಳವಿತ್ತು. ಅದನ್ನು ತೆಗೆದು ನಮ್ಮ ಹಳೆಯ ಗೇರ್‌ಬಾಕ್ಸಿನ ಪಿಟಿಒವನ್ನು ಹಿಡಿದು ನೋಡಿದರೆ ಬೋಲ್ಟುಗಳು ಕೂಡಿದವು. ಬೋಲ್ಟು ಕೂಡಿದರೆ ಕೆಲಸ ಮುಗಿಯಿತು ಎಂದುಕೊಂಡದ್ದು ಅವಸರವಾಯಿತು. ಪಿಟಿಒದ ಗೇರು ಗೇರ್‌ಬಾಕ್ಸಿನ ಗೇರಿಗೆ ಎಷ್ಟು ಹತ್ತಿರ ಕೂರುತ್ತದೆ ಎಂಬುದು ನಡುವೆ ಹಾಕುವ ಗ್ಯಾಸ್ಕೆಟ್ಟಿನ ದಪ್ಪದ ಮೇಲೆ ನಿಂತಿದೆ. ಹಲ್ಲುಗಳ ನಡುವೆ 0.15ರಿಂದ 0.30 ಮಿ.ಮೀ. ಸಡಿಲು ಉಳಿಯಬೇಕು. ನಾವು ಒಂದೇ ಗ್ಯಾಸ್ಕೆಟ್ ಹಾಕಿ ಚಾಲೂ ಮಾಡಿದಾಗ ಅದು ಗಿರಣಿಯ ಸೈರನ್ನಿನಂತೆ ಊಳಿಟ್ಟಿತು. ಊಳಿಟ್ಟರೆ ಬಿಗಿಯಾಗಿದೆ ಎಂದರ್ಥ, ಕಟಕಟ ಎಂದರೆ ಸಡಿಲಾಗಿದೆ ಎಂದರ್ಥ. ಎರಡನೆಯ ಗ್ಯಾಸ್ಕೆಟ್ ಸೇರಿಸಿ, ಡಯಲ್ ಗೇಜಿನಲ್ಲಿ 0.22 ಮಿ.ಮೀ. ಬಂದ ಮೇಲೆ ಸದ್ದು ಅಡಗಿತು. ಹೈಡ್ರಾಲಿಕ್ ಪಂಪನ್ನೂ ಇದೇ ನೆಪದಲ್ಲಿ ಉದ್ಯಮಬಾಗಕ್ಕೆ ಒಯ್ದು ಸೀಲು ಬದಲಿಸಿದೆವು. ಬೆಳಗಾವಿಯಲ್ಲಿ ಇರುವ ಒಂದು ಅನುಕೂಲವೆಂದರೆ ಹೈಡ್ರಾಲಿಕ್ ಕೆಲಸಕ್ಕೆ ಬೇರೆ ಊರಿನ ದಾರಿ ಹಿಡಿಯಬೇಕಾಗುವುದಿಲ್ಲ.

ರೇಡಿಯೇಟರನ್ನು ಬೆಲ್ಲದ ಲಾರಿಯದನ್ನೇ ಉಳಿಸಿಕೊಂಡು, ಟ್ಯಾಂಕು ಬಿಚ್ಚಿ ಕೊಳವೆಗಳಲ್ಲಿ ಕಡ್ಡಿ ಆಡಿಸಿ ತೊಳೆಸಿದೆವು. ಓಡುವ ಲಾರಿಗೆ ಎದುರುಗಾಳಿಯೇ ಅರ್ಧ ತಂಪು ಕೊಡುತ್ತದೆ, ಹದಿನೈದು ಕಿ.ಮೀ. ವೇಗದಲ್ಲಿ ಪೂರ್ತಿ ಬಲ ಹಾಕಿ ಏರುವ ಟೋಚನ್ ಗಾಡಿಗೆ ಇರುವುದು ಫ್ಯಾನಿನ ಗಾಳಿಯೊಂದೇ. ಫ್ಯಾನಿನ ಸುತ್ತಲಿನ ತಗಡಿನ ಬಳೆ ಪಲ್ಟಿಯಲ್ಲಿ ಮುರಿದಿತ್ತು. ಅದನ್ನು ಬಿಟ್ಟುಬಿಡೋಣ ಎಂದ ಹುಡುಗನಿಗೆ ಮಿಸ್ತ್ರಿಯವರು ಕಾರಣ ವಿವರಿಸದೆ ಬೈದರು. ಕಾರಣವೇನೆಂದರೆ, ಬಳೆಯಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ತನ್ನ ಸುತ್ತಲಿನ ಬಿಸಿಗಾಳಿಯನ್ನೇ ತಿರುವುತ್ತ ಕೂರುತ್ತದೆ. ಹೊಸ ತಗಡು ಬಾಗಿಸಿ ಕೂರಿಸಿದೆವು. ಏರ್ ಕಂಪ್ರೆಸರ್ ಎಂಜಿನ್ನಿನ ಜೊತೆಗೇ ಬಂದದ್ದರಿಂದ ಅದರ ಚಿಂತೆ ಇರಲಿಲ್ಲ, ಆದರೆ ಎಂಜಿನ್ ಸತ್ತ ಲಾರಿಗೆ ಬ್ರೇಕಿನ ಗಾಳಿಯನ್ನು ನಮ್ಮ ಗಾಡಿಯಿಂದಲೇ ಪೈಪಿನಲ್ಲಿ ಕೊಡುವುದರಿಂದ, ಖಾಲಿ ಟ್ಯಾಂಕು ತುಂಬುವ ಸಮಯವನ್ನು ಗಡಿಯಾರ ಹಿಡಿದು ನೋಡಿದೆವು. ಹಳೆಯದಕ್ಕಿಂತ ಬೇಗ ತುಂಬಿತು. ಸ್ಟಾರ್ಟರಿನ ವೋಲ್ಟೇಜು ನಮ್ಮ ಬ್ಯಾಟರಿಗೆ ಹೊಂದುತ್ತದೆಯೇ ಎಂಬುದನ್ನು ಕೊಳ್ಳುವ ದಿನವೇ ನೋಡಿದ್ದೆವು.

ಇದೇ ಬ್ಲಾಕಿನಿಂದ ಬೇರೆ ಲಾರಿಗಳಲ್ಲಿ 180 ಅಶ್ವಶಕ್ತಿಯವರೆಗೂ ತೆಗೆದಿದ್ದಾರೆ, ಪಂಪು ಸ್ವಲ್ಪ ಏರಿಸಿದರಾಯಿತು ಎಂದು ಕಾಕಾ ಅವರಿಗೆ ಯಾರೋ ಹೇಳಿದ್ದರು. ನಾನು ಒಪ್ಪಲಿಲ್ಲ. ಎಂಜಿನ್ನು ತಡೆದೀತು. ಅದರ ಹಿಂದೆ ಇರುವ ಕ್ಲಚ್ಚು, ಜಾಯಿಂಟು, ಹಿಂದಿನ ಆಕ್ಸಲ್ಲಿನ ಗೇರುಗಳಾದ ಕ್ರೌನ್ ಪಿನಿಯನ್ನು ಮತ್ತು ಬ್ರೇಕು ಹದಿನಾರು ಟನ್ನಿನ ಲಾರಿಯವೇ. ಏರಿಗೆ ಸಿಕ್ಕ ಹೆಚ್ಚಿನ ಬಲ ಇಳಿಜಾರಿನಲ್ಲಿ ಬ್ರೇಕಾಗಿ ಬದಲಾಗುವುದಿಲ್ಲ. ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿನ ಮೇಲೆ 1613ರ ಅಳತೆಗೇ ಹೊಂದಿಸಿ ಸೀಲು ಹಾಕಿಸಿದೆವು, ಉಳಿದ ಹಣದಲ್ಲಿ, ಹೊಗೆಯ ದಾರಿ ತಡೆದು ಇಳಿಜಾರಿನಲ್ಲಿ ಗಾಡಿಯ ವೇಗ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಕೂರಿಸಿದೆವು.

ಕಾಗದಪತ್ರದ ಕೆಲಸ ಸಣ್ಣದಾದರೂ ಅದನ್ನು ಮುಂದೂಡುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಗಾಡಿಯ ಎಂಜಿನ್ ಬದಲಾದರೆ ಮಾಲೀಕರು ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ನಾವು ಕೆಲಸ ಶುರು ಮಾಡುವ ಮುನ್ನವೇ ಬೆಳಗಾವಿಯ ಆರ್‌ಟಿಒ, ಅಂದರೆ ಕೆಎ 22ರ ಕಚೇರಿಯಲ್ಲಿ ವಿಚಾರಿಸಿ, ಬೆಲ್ಲದ ಲಾರಿಯ ಆರ್‌ಸಿ ಪ್ರತಿ, ಮಾರಾಟದ ರಸೀದಿ, ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು ಇವಿಷ್ಟನ್ನು ತೆಗೆದಿರಿಸಿಕೊಂಡಿದ್ದೆವು. ರಸೀದಿ ಕೊಡಲಾರೆ ಎನ್ನುವವರ ಬಳಿ ಎಂಜಿನ್ ಎಷ್ಟು ಅಗ್ಗವಾದರೂ ಕೊಳ್ಳಬಾರದು. ನಂಬರು ಕದ್ದ ಗಾಡಿಯದಾಗಿದ್ದರೆ ಉತ್ತರ ಕೊಡಬೇಕಾದವರು ನಾವು. ವಿಮೆ ಕಂಪನಿಗೂ ಹೊಸ ನಂಬರು ತಿಳಿಸಿದೆವು.

ಮೊದಲ ನಿಜವಾದ ಪರೀಕ್ಷೆ ನಾವು ಬಯಸಿದ್ದಕ್ಕಿಂತ ಬೇಗ ಬಂತು. ಸಕ್ಕರೆ ಚೀಲ ತುಂಬಿದ ಲಾರಿಯೊಂದು ಕ್ರೌನ್ ಮುರಿದು ವಂಟಮುರಿಯ ಕೆಳಗೆ ನಿಂತಿತ್ತು. ಕಾಕಾ ಸ್ಟೀರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ವೇಗ ನೋಡುತ್ತಿದ್ದೆ. ಏರಿನ ನಡುವೆ ಮುಳ್ಳು 18ರಲ್ಲಿ ನಿಂತಿತು. ಹಿಂದಿನ ಕಾಗದದ ಲೆಕ್ಕಕ್ಕೆ ಇಟ್ಟು ನೋಡಿದರೆ ಸುಮಾರು 118 ಅಶ್ವಶಕ್ತಿ. ವರ್ಷಗಟ್ಟಲೆ ದುಡಿದ 130ರ ಎಂಜಿನ್ನಿಗೆ ಇದು ಗೌರವದ ಅಂಕಿ. ನೀರಿನ ಬಿಸಿ ತೋರಿಸುವ ಮುಳ್ಳು ಹಸಿರು ಪಟ್ಟಿಯ ಮೇಲಿನ ಅಂಚಿಗೆ ಹೋಯಿತು, ಕೆಂಪಿಗೆ ದಾಟಲಿಲ್ಲ. ಮೇಲೆ ತಲುಪಿದ ಕೂಡಲೇ ಕಾಕಾ ಹಳೆಯ ರೂಢಿಯಂತೆ ಎಂಜಿನ್ ಬಂದ್ ಮಾಡಲು ಕೈ ಹಾಕಿದರು. “ಕಾಕಾ, ಮೂರ ನಿಮಿಷ ತಡೀರಿ, ಟರ್ಬೊ ಇನ್ನೂ ತಿರಗಾಕತ್ತೈತಿ” ಎಂದೆ. ಆಗಲೇ ನಿಲ್ಲಿಸಿದರೆ ಕಾದು ಕೆಂಪಾದ ಟರ್ಬೊದ ಶಾಫ್ಟಿಗೆ ಆಯಿಲ್ ಹರಿಯುವುದು ನಿಂತು, ಉಳಿದ ಆಯಿಲ್ ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. ಅವರು ಕೈ ಹಿಂತೆಗೆದು, ಕಿಟಕಿಯಿಂದ ಹೊಗೆ ಕೊಳವೆಯ ಕಡೆ ನೋಡುತ್ತ ಕೂತರು. ಮರುದಿನ ಡ್ಯಾಶ್‌ಬೋರ್ಡಿನ ಮೇಲೆ ಅವರದೇ ಅಕ್ಷರದಲ್ಲಿ “3 ನಿಮಿಷ” ಎಂದು ಬರೆದ ಚೀಟಿ ಅಂಟಿತ್ತು. ಗೇರ್ ಕವರಿನ ಕೆಳಗಿನ ಮೂಲೆಯಿಂದ ಆಯಿಲ್ ಹನಿ ಕಾಣುತ್ತಿದೆ. ಬಿಚ್ಚಿದಾಗ ಹಾಕಿದ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ. ಕಬ್ಬಿನ ಹಂಗಾಮು ಶುರುವಾಗುವ ಮೊದಲು ರೇಡಿಯೇಟರ್ ಇಳಿಸಿ ಅದನ್ನು ಮತ್ತೆ ಮಾಡಬೇಕಿದೆ.